ಸಮೋವಾದ ಮನುಮೇಯಾ ಪಾರಿವಾಳ ಅಳಿವಿನ ಅಂಚಿಗೆ ಬಂದದ್ದು ಹೇಗೆ?

ದೊಡ್ಡ ಕಾರಣ ಬೇಟೆ. ಅದೂ ಬೇರೊಂದು ಹಕ್ಕಿಗಾಗಿ ನಡೆಯುವ ಬೇಟೆ!

ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳಲ್ಲಿ ಲೂಪೆ ಎಂಬ ಕಾಡು ಪಾರಿವಾಳದ ಮಾಂಸವನ್ನು ಇಷ್ಟಪಟ್ಟು ತಿನ್ನುತ್ತಾರೆ. ಮನುಮೇಯಾ ಇರುವುದೂ ಅದೇ ಕಾಡಿನಲ್ಲಿ. ಕೂಗು ಕೂಡ ಹೆಚ್ಚುಕಡಿಮೆ ಅದರಂತೆಯೇ. ಎತ್ತರದ ಕೊಂಬೆಯಲ್ಲಿ ಎಲೆಗಳ ನಡುವೆ ಕೂತಿರುವ ಹಕ್ಕಿ ಯಾವುದೆಂದು ಕೆಳಗಿನಿಂದ ಹೇಳುವುದು ಕಷ್ಟ. ಲೂಪೆಗೆ ಹಾರಿಸಿದ ಗುಂಡು ಇದಕ್ಕೂ ಬೀಳುತ್ತದೆ. ಪಾರಿವಾಳದ ಬೇಟೆಗೆ ಕಾನೂನಿನ ನಿಷೇಧವೇನೋ ಇದೆ, ಆದರೆ ಬೇಟೆ ನಿಂತಿಲ್ಲ.

ಹತ್ತಿರದಿಂದ ನೋಡಿದರೆ ಮಾತ್ರ ಇದನ್ನು ಬೇರೆ ಯಾವ ಪಾರಿವಾಳ ಎಂದೂ ತಪ್ಪು ತಿಳಿಯಲು ಸಾಧ್ಯವಿಲ್ಲ. ಕೆಂಪು-ಕಿತ್ತಳೆ ಬಣ್ಣದ ದಪ್ಪ ಕೊಕ್ಕು, ತುದಿ ಗಿಳಿಯ ಕೊಕ್ಕಿನಂತೆ ಬಾಗಿದೆ. ಕೆಳಕೊಕ್ಕಿನ ಅಂಚಿನಲ್ಲಿ ಹಲ್ಲಿನಂಥ ಕಚ್ಚುಗಳಿವೆ. ಅಳಿದುಹೋದ ಡೋಡೋ ಹಕ್ಕಿಗೆ ಇದು ದೂರದ ನೆಂಟ.

1990 ಮತ್ತು 1991ರ ಎರಡು ಭಾರಿ ಚಂಡಮಾರುತಗಳು ಕಾಡನ್ನೇ ಮುರಿದು ಹಾಕಿದವು. ಇಲಿ, ಬೆಕ್ಕುಗಳ ಕಾಟ ಬೇರೆ. 2014ರಲ್ಲಿ ಇದನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (IUCN) 'ತೀವ್ರ ಅಪಾಯ'ದ ಪಟ್ಟಿಗೆ ಸೇರಿಸಿದರು. ಈಗ ಉಳಿದಿರುವುದು ಹೆಚ್ಚೆಂದರೆ ಕೆಲವು ನೂರು.

ನನಗೆ ತುಂಬಾ ಆತಂಕವಾಗುವುದು ಒಂದು ವಿಷಯಕ್ಕೆ. ಮಾರಿಷಸ್‌ನ ಗುಲಾಬಿ ಪಾರಿವಾಳ 1990ರ ಸುಮಾರಿಗೆ ಕಾಡಿನಲ್ಲಿ ಹತ್ತಕ್ಕೆ ಇಳಿದಿತ್ತು. ಮೊದಲೇ ಕೆಲವನ್ನು ಹಿಡಿದು ಸಾಕಿ ಮರಿ ಮಾಡಿಸಿದ್ದರಿಂದ ಅದು ಮತ್ತೆ ನೂರಾರಾಯಿತು. ಮನುಮೇಯಾಗೆ ಅಂಥ ಸಾಕಿದ ಗುಂಪೇ ಇಲ್ಲ. ಹಾಗಾಗಿ ಸದ್ಯಕ್ಕೆ ಲೂಪೆ ಮಾಂಸ ತಿನ್ನುವುದನ್ನು ಬಿಡಿಸುವುದೇ ಎಲ್ಲಕ್ಕಿಂತ ತುರ್ತಿನ ಕೆಲಸ.