ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಆದ ಮೇಲೂ ಸಿಟ್ಟು ಹೋಗಿಲ್ಲ, ನನ್ನ ರಕ್ಷಣೆ (ಪಾಪದಿಂದ ಬಿಡುಗಡೆ) ಸುಳ್ಳಾ?

ಬಹುಶಃ ನೀವು ಪಾಪಕ್ಷಮೆಯನ್ನೂ ಸ್ವಭಾವ ಬದಲಾಗುವುದನ್ನೂ ಒಂದೇ ಅಂದುಕೊಂಡಿದ್ದೀರಿ. ಅದಕ್ಕೇ ದೀಕ್ಷಾಸ್ನಾನವಾಗಿ ಎರಡು ವರ್ಷ ಕಳೆದರೂ ಹೆಂಡತಿ ಮೇಲೆ ರೇಗುವುದು ನಿಂತಿಲ್ಲವೆಂದು ಹೆದರಿದ್ದೀರಿ. ಮೊದಲನೆಯದು ಒಂದೇ ಸಲದ ತೀರ್ಪು, ಎರಡನೆಯದು ಸಾಯುವವರೆಗಿನ ಕೆಲಸ. ಬೈಬಲಿನಲ್ಲಿ ಗಲಾತ್ಯದವರಿಗೆ 5:17 ಓದಿ: ಶರೀರಭಾವಕ್ಕೂ (ಪಾಪದ ಕಡೆ ಎಳೆಯುವ ಹಳೇ ಸ್ವಭಾವ) ಪವಿತ್ರಾತ್ಮನಿಗೂ ಜಗಳ ನಡೆಯುವುದು ವಿಶ್ವಾಸಿಯ ಒಳಗೇ. (ಈ ಜಗಳಕ್ಕೆ ಎಲ್ಲರೂ ರೋಮಾಪುರದವರಿಗೆ 7ನೇ ಅಧ್ಯಾಯ ತೋರಿಸುತ್ತಾರೆ. ಅಲ್ಲಿ ಆ ಪತ್ರ ಬರೆದ ಅಪೊಸ್ತಲ ಪೌಲ ಹೇಳುವುದು ನಂಬುವ ಮುಂಚಿನ ಬದುಕೋ ನಂತರದ್ದೋ ಎಂಬ ವಾದ ಇನ್ನೂ ಮುಗಿದಿಲ್ಲ.)

ರೇಗಿದ ರಾತ್ರಿಯೇ, ಪಾಪ ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ ಎನ್ನುವ 1 ಯೋಹಾನ 1:9 ಹಿಡಿದು ದೇವರಿಗೆ ಅರಿಕೆ ಮಾಡಿ. 'ನನ್ನ ಪಾಪಗಳು' ಅಂತ ಒಟ್ಟಾಗಿ ಬೇಡ, 'ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ತಟ್ಟೆ ತಳ್ಳಿದೆ' ಅಂತ ಬಿಡಿಸಿ ಹೇಳಿ. ಆಮೇಲೆ ಅದೇ ಮಾತನ್ನು ಹೆಂಡತಿಗೂ ಹೇಳಿ ಕ್ಷಮೆ ಕೇಳಿ. ನನಗಂತೂ ಪ್ರಾರ್ಥನೆಗಿಂತ ಇದೇ ಕಷ್ಟವಾಗಿತ್ತು. ನಂತರ ಸಭೆಯಲ್ಲಿ ಗುಟ್ಟು ಬಿಟ್ಟುಕೊಡದ ಹಿರಿಯರೊಬ್ಬರನ್ನು ಹುಡುಕಿ, ವಾರಕ್ಕೊಮ್ಮೆ ಲೆಕ್ಕ ಒಪ್ಪಿಸಿ (ಯಾಕೋಬ 5:16). ಯಾವ ಹೊತ್ತಿಗೆ ರೇಗುತ್ತೀರಿ ಅಂತಲೂ ಬರೆದಿಡಿ. ನನ್ನದು ಹಸಿದು ಮನೆಗೆ ಬಂದ ಮೊದಲ ಅರ್ಧ ಗಂಟೆ.

ಕೈ ಎತ್ತುವ ಮಟ್ಟಕ್ಕೆ ಹೋಗಿದೆಯೋ ನೀವು ಬರೆದಿಲ್ಲ. ಹೋಗಿದ್ದರೆ ಇಷ್ಟು ಸಾಲದು, ಈ ವಾರವೇ ಆಪ್ತಸಮಾಲೋಚಕರನ್ನು ನೋಡಿ.