ಕೌಂಟರ್ ಬಿಟ್ಟು ವೈನ್ ಕಂಪೆನಿ ಸೇಲ್ಸ್‌ಗೆ ಹೋಗ್ಲಾ?

ಪ್ರಶ್ನೆ: ಸರ್, ನಾನು ಮಂಗ್ಳೂರಲ್ಲಿ ಒಂದು ವೈನ್ ಶಾಪ್ ಕೌಂಟರಲ್ಲಿ ಇದ್ದೇನೆ. ಹೋಗುದು ಜಾಸ್ತಿ ಬ್ರಾಂಡಿ, ವಿಸ್ಕಿ, ಬಿಯರೇ, ಆದ್ರೆ ವೈನ್ ರ‍್ಯಾಕ್ ನಾನೇ ನೋಡ್ಕೊಳ್ಳುದು, ಅದ್ರಲ್ಲಿ ಇಂಟ್ರೆಸ್ಟ್ ಉಂಟು. ಈಗ ಒಂದು ವೈನ್ ಕಂಪೆನಿಯಿಂದ ಸೇಲ್ಸ್ ರೆಪ್ ಕೆಲಸಕ್ಕೆ ಕರೀತಿದ್ದಾರೆ, ಮಂಗ್ಳೂರು ಉಡುಪಿ ಎರಡೂ ನೋಡ್ಬೇಕಂತೆ. ವೈನ್ ಕೋರ್ಸ್ ಎಂತದೂ ಮಾಡ್ಲಿಲ್ಲ. ಹೋಗ್ಲಾ? ಧಣಿಗಳಿಗೆ ಹೇಗೆ ಹೇಳುದು?
– ಓದುಗರು, ಕಂಕನಾಡಿ

ಉತ್ತರ: ಹೋಗಿ ಮಾರಾಯ್ರೆ. ಆದ್ರೆ ಸಂಬಳದ ನಂಬರ್ ಒಂದೇ ನೋಡಿ ಹ್ಞೂಂ ಅನ್ಬೇಡಿ, ಪೆಟ್ರೋಲ್ ಯಾರದ್ದು ಅಂತ ಮೊದ್ಲು ಕೇಳಿ, ಮಂಗ್ಳೂರಿಂದ ಕುಂದಾಪುರಕ್ಕೆ ಹೋಗಿ ಬಂದ್ರೇ 180 ಕಿಲೋಮೀಟರ್ ಆಸುಪಾಸು ಆಗ್ತದೆ. ಟಾರ್ಗೆಟ್ ಯಾವುದರ ಮೇಲೆ ಅಂತಲೂ ಕೇಳಿ. ಕಂಪೆನಿ ಸರ್ಕಾರಿ ಡಿಪೋಗೆ ಕಳಿಸಿದ ಲೆಕ್ಕವಾ, ಶಾಪ್‌ನವರು ಡಿಪೋದಿಂದ ಎತ್ತಿದ ಲೆಕ್ಕವಾ, ಎರಡೂ ಬೇರೆ.

ನಮ್ಮ ರಾಜ್ಯದಲ್ಲಿ 2003ರಿಂದ ಮಾಲೆಲ್ಲ ಕೆಎಸ್‌ಬಿಸಿಎಲ್ (ಸರ್ಕಾರದ ಮದ್ಯ ಸಗಟು ನಿಗಮ) ಮೂಲಕವೇ ಹೋಗ್ಬೇಕು ಅಂತ ನಿಮಗೆ ಗೊತ್ತೇ ಉಂಟು, ಶಾಪ್‌ನವರು ಮೊದ್ಲು ದುಡ್ಡು ಕಟ್ಟಿ, ಇಂಡೆಂಟ್ (ಅಂದ್ರೆ ಆರ್ಡರ್) ಹಾಕಿ, ಆಮೇಲೆ ಡಿಪೋದಿಂದ ತರುದು. ಹಾಗಾಗಿ ರೆಪ್ ಕೈಯಲ್ಲಿ ಬಾಟ್ಲಿಯೂ ಇಲ್ಲ, ಬಿಲ್ ಬುಕ್ಕೂ ಇಲ್ಲ. ಬಿಸ್ಕಿಟ್, ಸೋಪಿನ ರೆಪ್‌ಗಳ ಹಾಗೆ ಉದ್ರಿ ವಸೂಲಿಗೆ ಅಲೆಯುವ ತಲೆನೋವೂ ಇಲ್ಲ, ಅದೊಂದು ಸುಖ. ಕಷ್ಟ ಎಂತ ಅಂದ್ರೆ, ಬ್ರಾಂಡಿಗೆ ಹಾಕಿದ ದುಡ್ಡು ಬೇಗ ವಾಪಸ್ ಬರ್ತದೆ, ವೈನಿಗೆ ಹಾಕಿದ್ದು ರ‍್ಯಾಕಲ್ಲಿ ಕೂತಿರ್ತದೆ ಅಂತ ಓನರ್ ಹೇಳ್ತಾರೆ, ಅವರು ಹೇಳುದು ತಪ್ಪೂ ಅಲ್ಲ. ಮೊದಲ ಕೇಸ್ ಹೇಗಾದ್ರೂ ಪರಿಚಯದಲ್ಲಿ ತಗೊಳ್ತಾರೆ, ಎರಡನೇದು ತಗೊಳ್ಳುವ ಹಾಗೆ ಮಾಡುದೇ ನಿಮ್ಮ ಕೆಲಸ. ಕೌಂಟರಲ್ಲಿ ನಿಂತ ನಿಮಗೆ ಅದು ಬರ್ತದೆ, ಎಂಬಿಎ ಮಾಡಿ ನೇರ ಬಂದವರಿಗೆ ಬೇಗ ಬರುದಿಲ್ಲ. ಬಿಸಿಲು ಬೀಳುವ ಶೋಕೇಸಲ್ಲಿ, ಫ್ರಿಜ್ ಹಿಂದಿನ ಬಿಸಿಗಾಳಿಗೆ ಬಾಟ್ಲಿ ಇಟ್ರೆ ನಮ್ಮ ಕರಾವಳಿ ಸೆಕೆಗೆ ವೈನ್ ಕೆಡ್ತದೆ, ಗಿರಾಕಿ ಕಂಪೆನಿಗೇ ಬೈತಾನೆ. ಹೋದಲ್ಲೆಲ್ಲ ಜಾಗ ಬದಲಿಸಿ ಇಡಿಸಿ.

ಸೀಸನ್ ಲೆಕ್ಕ ಇಲ್ಲಿದು ಬೇರೆಯೇ. ಕ್ಯಾಥೋಲಿಕರಲ್ಲಿ ಕ್ರಿಸ್ಮಸ್ ಮೊದಲಿನ ಆಗಮನ ಕಾಲದಲ್ಲಿ, ಈಸ್ಟರ್ ಮೊದಲಿನ ತಪಸ್ಸು ಕಾಲದಲ್ಲಿ ಸಾಮಾನ್ಯವಾಗಿ ಮದುವೆ ಇಡುದಿಲ್ಲ, ಅದು ಮುಗಿದ ಕೂಡ್ಲೆ ಸಾಲು ಸಾಲು ರಿಸೆಪ್ಶನ್, ಟೋಸ್ಟಿಗೆ ವೈನ್ ಬೇಕೇ ಬೇಕು. ಬೆಂಗ್ಳೂರು ಆಫೀಸಿನವರಿಗೆ ಇದು ತಲೆಗೆ ಹೋಗುದಿಲ್ಲ, ನವೆಂಬರಲ್ಲೇ ಡಿಪೋದಲ್ಲಿ ಸ್ಟಾಕ್ ಇರುವ ಹಾಗೆ ನೀವೇ ಬೆನ್ನು ಹತ್ತಬೇಕು.

ನಿಮಗೆ ಹೊಸತು ಅಂದ್ರೆ ಹೋಟೆಲ್ ಸೈಡ್. ನಿಮ್ಮಂಥ ಸಿಎಲ್-2 ಲೈಸೆನ್ಸಿನ ಶಾಪಲ್ಲಿ ಸೀಲ್ಡ್ ಬಾಟ್ಲಿ ಮಾತ್ರ, ಸಿಎಲ್-7 (ಲಾಡ್ಜ್ ಇರುವ ಹೋಟೆಲ್), ಸಿಎಲ್-9 (ಬಾರ್) ಲೈಸೆನ್ಸ್ ಇದ್ದಲ್ಲಿ ಗ್ಲಾಸಲ್ಲಿ ಹೋಗ್ತದೆ. ಅಲ್ಲಿ ಮ್ಯಾನೇಜರಿಗಿಂತ ವೇಯ್ಟರ್‌ಗಳನ್ನು ಹಿಡೀರಿ. ಓಪನ್ ಮಾಡಿದ ಬಾಟ್ಲಿ ಕಾರ್ಕ್ ಹಾಕಿ ಫ್ರಿಜ್ಜಲ್ಲಿಡಿ ಅಂತ, ಅಂಜಲ್ ಮೀನು ಫ್ರೈಗೆ ತಣ್ಣಗಿನ ಶೆನಿನ್ ಬ್ಲಾಂಕ್ ವೈಟ್ ವೈನ್ ಕೊಡಿ ಅಂತ ಹೇಳಿಕೊಡಿ. ಕೋರಿ ಗಸಿಯ (ಕೋಳಿ ಸಾರಿನ) ಖಾರಕ್ಕೆ ಆಲ್ಕೋಹಾಲ್ ಜಾಸ್ತಿಯ ರೆಡ್ ಕೊಟ್ರೆ ಬಾಯಿ ಇನ್ನೂ ಉರೀತದೆ, ಆದ್ರೂ ಎಲ್ಲ ಕಡೆ ಅದನ್ನೇ ಕೊಡ್ತಾರೆ, ಎಂತಕ್ಕೋ.

ಕೋರ್ಸ್ ಆಮೇಲೆ ಮಾಡ್ಬಹುದು. ಡಬ್ಲ್ಯೂಎಸ್ಇಟಿ ಅಂತ ವೈನ್ ಕೋರ್ಸ್ ಉಂಟು, ಅದರ ಲೆವೆಲ್ 1 ಒಂದು ದಿನದ್ದು, ಕಂಪೆನಿ ದುಡ್ಡು ಕೊಡ್ತದಾ ಕೇಳಿ.

ಧಣಿಗಳಿಗೆ ಮುಖಕ್ಕೆ ಮುಖ ಕೊಟ್ಟು ಹೇಳಿ, ಮೆಸೇಜ್ ಹಾಕ್ಬೇಡಿ. ಬೇರೆ ಹುಡುಗ ಸಿಕ್ಕಿ ಕೆಲಸ ಕಲಿಯುವವರೆಗೆ ನಿಲ್ತೇನೆ ಅನ್ನಿ. ರೆಪ್ ಆದ ಮೇಲೆ ನಿಮ್ಮ ಮೊದಲ ಇಂಡೆಂಟ್ ಅವರೇ ಹಾಕ್ಬೇಕಲ್ವಾ.