ಇಂಡಕ್ಷನ್ ಸ್ಟವ್ ಬೀಪ್ ಬೀಪ್ ಅಂತ ಕೂಗಿ ಆಫ್ ಆಗುತ್ತದೆ, ಏನು ಮಾಡಲಿ?

ಪಾತ್ರೆ ಇಟ್ಟ ತಕ್ಷಣ ಕೂಗುತ್ತದಾ, ಇಲ್ಲಾ ಹತ್ತು ನಿಮಿಷ ಉರಿದ ಮೇಲಾ? ಮೊದಲು ಅದನ್ನು ನೋಡಿ.

ತಕ್ಷಣ ಆದರೆ ಹೆಚ್ಚಾಗಿ ಪಾತ್ರೆಯದೇ ತೊಂದರೆ. ಫ್ರಿಜ್ ಮೇಲಿನ ಮ್ಯಾಗ್ನೆಟ್ ತೆಗೆದು ತಳಕ್ಕೆ ಹಿಡಿಯಿರಿ, ಗಟ್ಟಿಯಾಗಿ ಕಚ್ಚಿಕೊಳ್ಳದಿದ್ದರೆ ಆ ಪಾತ್ರೆ ಆಗುವುದಿಲ್ಲ. ಬರೀ ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ನಡೆಯುವುದಿಲ್ಲ, ಕೆಲವು ಸ್ಟೀಲ್ ಪಾತ್ರೆಗಳೂ ಅಷ್ಟೇ. ತಳ ಸಮವಾಗಿರಬೇಕು, ಸುಮಾರು 12 ಸೆಂ.ಮೀ. ಅಗಲವೂ ಬೇಕು, ಹಾಗಾಗಿ ಒಂದು ಲೋಟ ಹಾಲು ಕಾಯಿಸುವ ಪುಟ್ಟ ಪಾತ್ರೆ ಇಟ್ಟರೆ ಸ್ಟವ್‌ಗೆ ಅದು ಗೊತ್ತೇ ಆಗದಿರಬಹುದು.

ಸ್ವಲ್ಪ ಹೊತ್ತಾದ ಮೇಲೆ ನಿಂತರೆ ಒಳಗೆ ಬಿಸಿ ಜಾಸ್ತಿಯಾಗಿರುತ್ತದೆ. ನಮ್ಮನೆಯಲ್ಲೂ ದೋಸೆ ಹುಯ್ಯುವಾಗ ಹೀಗೇ ಆಗುತ್ತಿತ್ತು. ತಿರುಗಿಸಿ ನೋಡಿದರೆ ಫ್ಯಾನ್ ಜಾಲರಿ ತುಂಬ ಎಣ್ಣೆ ಜಿಡ್ಡು, ಧೂಳು, ನಡುವೆ ಎರಡು ಸಾಸಿವೆ ಕಾಳು! ಪ್ಲಗ್ ಕಿತ್ತು, ನೀರು ಮುಟ್ಟಿಸದೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ, ಸರಿಹೋಯಿತು. ಕೆಳಗೆ ಬಟ್ಟೆ, ಪೇಪರ್ ಹಾಸಬೇಡಿ, ಗಾಳಿ ಆಡಬೇಕಲ್ವಾ.

2000 ವ್ಯಾಟ್ ಸ್ಟವ್ ಸುಮಾರು 9 ಆಂಪ್ ಎಳೆಯುತ್ತದೆ. 16 ಆಂಪ್ ಸಾಕೆಟ್‌ಗೇ ಹಾಕಿ, ಎಕ್ಸ್‌ಟೆನ್ಷನ್ ಬಾಕ್ಸ್ ದಯವಿಟ್ಟು ಬೇಡ. ಗಾಜು ಬಿರುಕು ಬಿಟ್ಟಿದ್ದರಂತೂ ಮುಟ್ಟಲೇಬೇಡಿ, ಉಕ್ಕಿದ ಹಾಲು ಒಳಗಿಳಿದು ಶಾಕ್ ಹೊಡೆಯಬಹುದು.